ಕೊಸರು ಹಾಕುವ ಕೈ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಹೈದರಾಬಾದಿನ ಕಾಚಿಗೂಡದಲ್ಲಿ ಬಹಳ ವರ್ಷ ಕಿರಾಣಿ ಅಂಗಡಿ ನಡೆಸಿದ ಒಬ್ಬ ಕನ್ನಡಿಗರ ಮಕ್ಕಳು. ನನ್ನನ್ನು ಕರೆಯಲು ಬಂದಾಗ ಅವರು ಒಂದೇ ಮಾತು ಹೇಳಿದರು: "ಸರ್, ಅಪ್ಪಾಜಿಯ ಹೆಸರೆತ್ತಿ ಹೊಗಳೋದು ಬೇಡ. ಅಂಗಡಿ ಇಟ್ಟವರಿಗೆ, ಇಡಬೇಕು ಅನ್ನೋ ಹುಡುಗರಿಗೆ ಉಪಯೋಗ ಆಗೋ ಹಾಗೆ ಮಾತಾಡಿ." ಅವರ ಇಚ್ಛೆಯಂತೆಯೇ ಮಾತಾಡುತ್ತೇನೆ. ಗಿರಾಕಿಯನ್ನು ಗಳಿಸುವುದು ಹೇಗೆ, ಗಳಿಸಿದ ಗಿರಾಕಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ನನಗೆ ಕೊಟ್ಟ ವಿಷಯ. ನಾನು ಮ್ಯಾನೇಜ್‌ಮೆಂಟ್ ಓದಿದವನಲ್ಲ. ರಾಯಚೂರು ಸೀಮೆಯಿಂದ ಬ್ಯಾಂಕಿನ ನೌಕರಿಯ ಮೇಲೆ ಈ ಊರಿಗೆ ಬಂದು, ಕೌಂಟರಿನ ಒಳಗಡೆ ಕೂತು ಅಂಗಡಿಕಾರರನ್ನು, ಹೊರಗೆ ನಿಂತು ಅಂಗಡಿಗಳನ್ನು ನೋಡಿದವನು. ನೋಡಿದ್ದನ್ನು ಹೇಳುವ ಅಧಿಕಾರ ಮಾತ್ರ ನನ್ನದು.

ಈ ಊರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೂತು ವ್ಯಾಪಾರ ಮಾಡಿವೆ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಹಾಗಾಗಿ ಪೇಟೆಯ ಮಾತುಗಳಲ್ಲಿ ಎಷ್ಟೋ ನಮಗೆಲ್ಲ ಸಮಾನ. ಬೆಳಗಿನ ಮೊದಲ ವ್ಯಾಪಾರಕ್ಕೆ ನಾವು ಬೋಣಿ ಅನ್ನುತ್ತೇವೆ, ತೆಲುಗರೂ ಬೋಣಿ ಅನ್ನುತ್ತಾರೆ, ಹಿಂದಿ-ಉರ್ದುವಿನಲ್ಲಿ ಅದು ಬೋಹನಿ. ಹಾಗೆಯೇ ಕನ್ನಡಕ್ಕೂ ತೆಲುಗಿಗೂ ಸೇರಿದ ಇನ್ನೊಂದು ಮಾತಿದೆ: ಕೊಸರು. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪದದ ಸುತ್ತ.

ಸಿಕಂದರಾಬಾದಿನ ಮೊಂಡಾ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಒಬ್ಬ ಅಜ್ಜಿಯ ಕೈಯನ್ನು ನಾನು ಎಷ್ಟೋ ಭಾನುವಾರ ನೋಡಿದ್ದೇನೆ. ಒಂದು ಕಿಲೋ ಟೊಮೆಟೊ ಎಂದರೆ ಒಂದು ತಟ್ಟೆಗೆ ಕಲ್ಲು, ಇನ್ನೊಂದಕ್ಕೆ ಟೊಮೆಟೊ. ತಕ್ಕಡಿ ಏಳುತ್ತದೆ, ಇಳಿಯುತ್ತದೆ, ಸಮಕ್ಕೆ ನಿಲ್ಲುತ್ತದೆ. ಅದು ನಿಂತದ್ದನ್ನು ನಾವು ನೋಡಿದೆವು ಎಂದು ಖಾತ್ರಿಯಾದ ಮೇಲೆ ಆಕೆಯ ಬಲಗೈ ರಾಶಿಗೆ ಹೋಗಿ ಇನ್ನೊಂದು ಹಣ್ಣನ್ನು ತಂದು ಮೇಲಿಡುತ್ತದೆ. ಟೊಮೆಟೊ ಇದ್ದ ತಟ್ಟೆ ಕೆಳಗೆ ಬಾಗುತ್ತದೆ. ಚೀಲಕ್ಕೆ ಸುರಿಯುವಾಗ ಎರಡು ಎಸಳು ಕರಿಬೇವು, ಕೇಳದೆಯೇ. ಅದಕ್ಕೆ ಲೆಕ್ಕವಿಲ್ಲ. ಅದೇ ಕೊಸರು.

ಕೊಸರಿಗೂ ರಿಯಾಯಿತಿಗೂ ಇರುವ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಿಯಾಯಿತಿ ವ್ಯಾಪಾರಕ್ಕೆ ಮೊದಲು ಬರುತ್ತದೆ. ಬೋರ್ಡಿನ ಮೇಲೆ, ಪತ್ರಿಕೆಯ ಮುಖಪುಟದಲ್ಲಿ, ಫೋನಿನ ಪರದೆಯಲ್ಲಿ ನಿಂತು ಕೈಬೀಸುತ್ತದೆ. ಇನ್ನೂ ಕೊಳ್ಳದವನನ್ನು ಒಳಗೆ ಎಳೆಯುವುದು ಅದರ ಕೆಲಸ. ಕೊಸರು ಬರುವುದು ವ್ಯಾಪಾರ ಮುಗಿದ ಮೇಲೆ. ಬೆಲೆ ಕುದುರಿದೆ, ತೂಕ ಆಗಿದೆ, ದುಡ್ಡು ಕೈ ಸೇರಿದೆ ಅಥವಾ ಸೇರುವುದರಲ್ಲಿದೆ. ಆಗ ಕೊಡುವುದು. ಅದು ಸಲ್ಲುವುದು ಈಗಾಗಲೇ ಕೊಂಡವನಿಗೆ. ರಿಯಾಯಿತಿ ಒಳಗೆ ಬಾ ಎನ್ನುತ್ತದೆ, ಕೊಸರು ಮತ್ತೆ ಬಾ ಎನ್ನುತ್ತದೆ. ನಮ್ಮ ಕಾಲದ ಮಾರಾಟದ ದುಡ್ಡಿನಲ್ಲಿ ಬಹುಪಾಲು ಮೊದಲ ಮಾತಿಗೇ ಖರ್ಚಾಗಿಹೋಗುತ್ತಿದೆ, ಎರಡನೆಯ ಮಾತಿಗೆ ಏನೂ ಉಳಿಯುತ್ತಿಲ್ಲ. ನನ್ನ ಆತಂಕ ಅದು.

ಅಜ್ಜಿಯ ಕೈಯಲ್ಲಿ ಇನ್ನೊಂದು ವಿಷಯವಿದೆ. ತಕ್ಕಡಿ ಸಮಕ್ಕೆ ನಿಂತದ್ದನ್ನು ನಮಗೆ ತೋರಿಸದೆ ಆಕೆ ಕೊಸರು ಹಾಕುವುದಿಲ್ಲ. ತೂಕದಲ್ಲಿ ನೂರು ಗ್ರಾಂ ಹೊಡೆದು ಮೇಲೊಂದು ಟೊಮೆಟೊ ಇಟ್ಟರೆ ಅದು ಕೊಸರಲ್ಲ, ಮೋಸದ ಮೇಲೆ ಹೊದಿಸಿದ ಬಟ್ಟೆ. ಮೊದಲು ಅಳತೆ ಸರಿಯಾಗಿರಬೇಕು.

ಅಳತೆ ಎಂದರೆ ತೂಕವೊಂದೇ ಅಲ್ಲ. ಬೆಂಗಳೂರಿನ ಎಂಟಿಆರ್ ಕಥೆ ನಿಮಗೆಲ್ಲ ಗೊತ್ತು. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಶುರು ಮಾಡಿದ ಸಣ್ಣ ಹೋಟೆಲು ಅದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ನೋಡಿ ಬಂದರು. ಬಂದವರು ತಮ್ಮ ಹೋಟೆಲಿನ ಪಾತ್ರೆ, ಲೋಟ, ಅಡುಗೆಮನೆ ಎಲ್ಲದರ ಶುಚಿಯನ್ನೂ ಕಟ್ಟುನಿಟ್ಟು ಮಾಡಿದರು. ಗಿರಾಕಿಗಳು ಅಡುಗೆಮನೆಯನ್ನು ನೋಡಬಹುದು ಎಂದರು. ಮುಚ್ಚಿದ ಅಡುಗೆಮನೆ ಎಷ್ಟು ಚೊಕ್ಕವಾಗಿದ್ದರೂ ಗಿರಾಕಿಗೆ ಅದು ಬರೀ ಮಾತು. ಮಯ್ಯರು ತೋರಿಸಿದ್ದು ತಮ್ಮ ತಕ್ಕಡಿಯನ್ನು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ದರವನ್ನು ಕಟ್ಟಿಹಾಕಿದಾಗ ಗುಣವನ್ನು ಇಳಿಸಿ ದರಕ್ಕೆ ಹೊಂದಿಸಿಕೊಳ್ಳುವ ದಾರಿ ಎಲ್ಲರಿಗೂ ಇತ್ತು. ಅವರು ಇಳಿಸಲಿಲ್ಲ. ನಷ್ಟದಲ್ಲಿ ಬಡಿಸಿ ಕೊನೆಗೆ ಬಾಗಿಲನ್ನೇ ಹಾಕಿದರು. ಕೆಲಸದವರ ಕೈ ಬಿಡಬಾರದೆಂದು ಪುಡಿ, ದಿಢೀರ್ ತಿಂಡಿಯ ಹಿಟ್ಟು ಮಾಡಿ ಮಾರತೊಡಗಿದರು. ವರ್ಷಗಳ ಬಳಿಕ ಹೋಟೆಲು ಮತ್ತೆ ತೆರೆಯಿತು. ಜನ ಮತ್ತೆ ಸಾಲುಗಟ್ಟಿ ನಿಂತರು.

ಈ ಊರಿನದೇ ಉದಾಹರಣೆ ಬೇಕೆಂದರೆ ಜಿ. ಪುಲ್ಲಾರೆಡ್ಡಿಯವರ ಮಿಠಾಯಿ ಅಂಗಡಿ. 1948ರಲ್ಲಿ ಕರ್ನೂಲಿನಲ್ಲಿ ಶುರುವಾಗಿ ಹೈದರಾಬಾದಿಗೆ ಬಂದದ್ದು. ವನಸ್ಪತಿ ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲಿ ತುಪ್ಪದ ಮಿಠಾಯಿ ಎಂಬ ಒಂದೇ ಮಾತಿಗೆ ಅವರು ಅಂಟಿಕೊಂಡರು. ಬೋರ್ಡಿನ ಮೇಲೂ ಅದನ್ನೇ ಬರೆಸಿದರು. ಪಕ್ಕದ ಅಂಗಡಿಗಿಂತ ಹೆಚ್ಚು ದುಡ್ಡು ಕೊಟ್ಟು ಜನ ಅಲ್ಲಿ ಕೊಂಡರು. ಬೆಲೆ ಇಳಿಸಿದರೆ ಮಾತ್ರ ಗಿರಾಕಿ ಬರುತ್ತಾನೆ ಎನ್ನುವವರು ಹಬ್ಬದ ಹಿಂದಿನ ದಿನ ಅಂಥ ಅಂಗಡಿಯ ಮುಂದೆ ಹೋಗಿ ನಿಂತು ನೋಡಬೇಕು.

ಹಾಗೆಂದು ಕೂಗಿ ಕರೆಯುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಶ್ರೀಗಂಧದ ಮರ ಯುರೋಪಿಗೆ ಹೋಗುವುದು ನಿಂತು ಮೈಸೂರಿನಲ್ಲಿ ರಾಶಿ ಬಿದ್ದಾಗ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿತು, ಹಿಂದೆಯೇ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಆ ಸಾಬೂನನ್ನು ಪರಿಚಯಿಸಲು ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿದ್ದರು. ಅಂಥ ಉತ್ಸಾಹ ಇರಲಿ. ಆದರೆ ಸಾಬೂನು ಉಳಿದದ್ದು ಒಂಟೆಯಿಂದಲ್ಲ. ಅಜ್ಜಿಯ ಕಾಲದ ವಾಸನೆ ಮೊಮ್ಮಗಳ ಕಾಲಕ್ಕೂ ಹಾಗೇ ಬಂದದ್ದರಿಂದ ಉಳಿಯಿತು.

ಈಗ ಚಾರ್ಮಿನಾರಿನ ಕಡೆಗೆ ಬರೋಣ. ಪತ್ಥರ್‌ಗಟ್ಟಿಯ ಮುತ್ತಿನ ಅಂಗಡಿಗಳು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ. ಹೈದರಾಬಾದಿಗೆ ಸಮುದ್ರವಿಲ್ಲ, ಸಿಂಪಿಯಿಲ್ಲ. ಹಿಂದೆ ಬಸ್ರಾದ ಹೆಸರಿನಲ್ಲಿ ಕೊಲ್ಲಿಯ ಮುತ್ತು ಬರುತ್ತಿತ್ತು, ಈಗ ಬಹುಮಟ್ಟಿಗೆ ಚೀನಾದ ಸಿಹಿನೀರಿನ ಮುತ್ತು ಬರುತ್ತದೆ. ಇಲ್ಲಿ ಆಗುವುದು ಆರಿಸುವುದು, ತೂತು ಕೊರೆಯುವುದು, ಪೋಣಿಸುವುದು, ಮಾರುವುದು. ಆದರೂ ದೇಶಕ್ಕೆಲ್ಲ ಮುತ್ತಿನ ಊರು ಇದೇ. ನಿಜಾಮರ ಕಾಲದ ಶ್ರೀಮಂತಿಕೆ ಇದಕ್ಕೆ ಬುನಾದಿ ಹಾಕಿತು, ನಿಜ. ಆದರೆ ನಿಜಾಮರು ಹೋಗಿ ಮುಕ್ಕಾಲು ಶತಮಾನವಾಯಿತು.

ಯೋಚಿಸಿ ನೋಡಿ. ಮುತ್ತು ಕೊಳ್ಳುವವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಮುತ್ತು ಗೊತ್ತಿಲ್ಲ. ನನಗಂತೂ ಗೊತ್ತಿಲ್ಲ. ಹಲ್ಲಿಗೆ ಉಜ್ಜಿದರೆ ಅಸಲಿ ಮುತ್ತು ಸ್ವಲ್ಪ ತರಿತರಿ ಅನ್ನುತ್ತದೆ ಎಂದು ಹೇಳುತ್ತಾರೆ. ಅಂಗಡಿಯವರು ಬೆಂಕಿಕಡ್ಡಿ ಗೀರಿ ಹಿಡಿದು, ಪ್ಲಾಸ್ಟಿಕ್ಕಾದರೆ ಕರಗುತ್ತಿತ್ತು ನೋಡಿ ಎನ್ನುತ್ತಾರೆ. ಅದರಾಚೆಗೆ ನಮಗೆ ತಿಳಿಯುವುದು ಏನೂ ಇಲ್ಲ. ಗಿರಾಕಿಗೆ ವಸ್ತುವಿನ ಬಗ್ಗೆ ಏನೂ ಗೊತ್ತಿಲ್ಲದಿರುವಾಗ ಆತ ಕೊಳ್ಳುವುದು ಮುತ್ತನ್ನಲ್ಲ, ಮಾರುವವನ ಮಾತನ್ನು. ಇವತ್ತಿನ ವ್ಯಾಪಾರದಲ್ಲಿ ಇಂಥವೇ ಹೆಚ್ಚು: ವಿಮೆ, ಔಷಧಿ, ಸೋಲಾರ್ ಪ್ಯಾನೆಲ್, ಮಕ್ಕಳ ಕೋಚಿಂಗು. ಕೊಳ್ಳುವವನಿಗೆ ಕೈಯಲ್ಲಿ ಹಿಡಿದು ನೋಡಿ ನಿರ್ಣಯಿಸಲು ಬರುವುದಿಲ್ಲ.

ನನ್ನ ಹೆಂಡತಿ ಮಗಳ ಮದುವೆಗೆ ಕೊಂಡ ಸರದ ದಾರ ಕೆಲವು ವರ್ಷಗಳಲ್ಲಿ ಸಡಿಲವಾಯಿತು. ಮುತ್ತಿನ ಸರದ ದಾರ ರೇಷ್ಮೆಯದು. ಬೆವರು, ಅತ್ತರು ತಾಗಿ ಅದು ಹಿಗ್ಗುತ್ತದೆ, ಕಪ್ಪಾಗುತ್ತದೆ. ಅದು ಸರದ ಸ್ವಭಾವ, ಅಂಗಡಿಯ ತಪ್ಪಲ್ಲ. ನಾವು ಅಳುಕುತ್ತಲೇ ಹೋದೆವು, ಬಿಲ್ಲೂ ಇರಲಿಲ್ಲ. ಅಂಗಡಿಯ ಹಿರಿಯರು ಸರವನ್ನು ಅಂಗೈ ಮೇಲೆ ಹಾಕಿಕೊಂಡು ಒಂದು ಕ್ಷಣ ನೋಡಿ, "ಹಮಾರಾಹಿ ಹೈ" ಎಂದರು. ಮೂಲೆಯಲ್ಲಿ ಕೂತಿದ್ದ ಕೆಲಸಗಾರನ ಕಡೆಗೆ ಕಳಿಸಿದರು. ಆತ ನಮ್ಮ ಎದುರಿಗೇ ದಾರ ಕತ್ತರಿಸಿ, ಮುತ್ತುಗಳನ್ನು ಬಟ್ಟೆ ಹಾಸಿದ ತಟ್ಟೆಯಲ್ಲಿ ಎಣಿಸಿ, ಎಣಿಕೆಯನ್ನು ಬಾಯಿಬಿಟ್ಟು ಹೇಳಿ, ಮತ್ತೆ ಪೋಣಿಸಿದ. ಒಂದು ಮುತ್ತು, ಒಂದು ಗಂಟು, ಮತ್ತೊಂದು ಮುತ್ತು, ಮತ್ತೊಂದು ಗಂಟು. ಆ ಗಂಟು ಯಾಕೆ ಎಂದು ಕೇಳಿದೆ. ದಾರ ಎಲ್ಲಾದರೂ ಹರಿದರೆ ಒಂದೇ ಮುತ್ತು ಬೀಳಬೇಕು, ಸರವೆಲ್ಲ ಚೆಲ್ಲಬಾರದು, ಮುತ್ತಿಗೆ ಮುತ್ತು ತಾಗಿ ಸವೆಯಲೂಬಾರದು ಎಂದ. ಅರ್ಧ ಗಂಟೆ ಕೂತಿದ್ದೆವು, ಚಹಾ ಬಂತು. ದಾರಕ್ಕೆ ಎಷ್ಟು ಎಂದಾಗ ಹಿರಿಯರು ಕೈ ಅಡ್ಡ ಆಡಿಸಿದರು.

ಅವತ್ತು ಅವರು ನಮಗೆ ಏನನ್ನೂ ಮಾರಲಿಲ್ಲ, ಹೊಸ ಸರ ತೋರಿಸಲಿಲ್ಲ. ನಮ್ಮ ಬಂಧುಬಳಗದಲ್ಲಿ ಆಮೇಲೆ ಯಾರೇ ಮುತ್ತು ಕೊಳ್ಳಲು ಹೈದರಾಬಾದಿಗೆ ಬಂದರೂ ಅದೇ ಅಂಗಡಿಗೆ ಹೋಗಿದ್ದಾರೆ, ನಾನೇ ಕರೆದುಕೊಂಡು ಹೋಗಿದ್ದೇನೆ. ಮಾರಿದ ವಸ್ತು ಸಡಿಲವಾದ ದಿನ ಗಿರಾಕಿ ಬಾಗಿಲಿಗೆ ಬಂದರೆ ಅದನ್ನು ಪೀಡೆ ಎಂದುಕೊಳ್ಳುವ ಅಂಗಡಿಗಳೇ ಹೆಚ್ಚು. ಆ ಹಿರಿಯರಿಗೆ ಆ ದಿನವೇ ನಿಜವಾದ ವ್ಯಾಪಾರದ ದಿನ.

ಇದಕ್ಕೆ ತೀರ ವಿರುದ್ಧವಾದದ್ದೂ ನನಗೆ ಆಗಿದೆ. ಮನೆಗೆ ಕುಡಿಯುವ ನೀರಿನ ಯಂತ್ರ ಹಾಕಿಸುವ ಮುಂಚೆ ಒಂದು ಕಂಪನಿಯವರು ವಾರದಲ್ಲಿ ಐದು ಸಲ ಫೋನ್ ಮಾಡಿದರು. ಹಾಕಿಸಿದ ಮೇಲೆ, ವರ್ಷದ ನಿರ್ವಹಣೆಗೆ ಮುಂಗಡ ಕೊಟ್ಟ ಮೇಲೆ, ಫಿಲ್ಟರು ಬದಲಿಸಲು ಬನ್ನಿ ಎಂದು ನಾನು ಅದೇ ಕಂಪನಿಗೆ ಒಂಬತ್ತು ಸಲ ಫೋನ್ ಮಾಡಿದೆ. ಮಾರುವ ವಿಭಾಗ ಬೇರೆ, ಸರ್ವಿಸ್ ವಿಭಾಗ ಬೇರೆ ಎಂದರು. ಗಿರಾಕಿಗೆ ವಿಭಾಗಗಳಿಲ್ಲ. ಅವನ ಪಾಲಿಗೆ ಅದು ಒಂದೇ ಅಂಗಡಿ.

ಬೇರೆಯವರದನ್ನು ಹೇಳಿದ ಮೇಲೆ ನಮ್ಮ ಬ್ಯಾಂಕಿನವರದನ್ನೂ ಹೇಳಬೇಕು. ಅದಕ್ಕೆ ಮೊದಲು ಪಿಗ್ಮಿಯ ಮಾತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುವಾದದ್ದು ಎಂಟು ಸಾವಿರ ರೂಪಾಯಿ ಬಂಡವಾಳದಿಂದ. ಕೈಮಗ್ಗ ಕುಸಿದು ನೇಕಾರರು ಕಷ್ಟದಲ್ಲಿದ್ದ ಕಾಲ ಅದು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಮನುಷ್ಯ ನಿಮ್ಮ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಮೀನು ಮಾರುವವರು, ನೇಕಾರರು, ಹೋಟೆಲಿನ ಹುಡುಗರು ಖಾತೆದಾರರಾದರು. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ದೇಶವೆಲ್ಲ ಹಬ್ಬಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಹೆಸರು ಹೋದರೂ ಪಿಗ್ಮಿ ಎಂಬ ಪದ ಕನ್ನಡದಲ್ಲಿ ಉಳಿದಿದೆ. ಇವತ್ತಿಗೂ ಸಹಕಾರಿ ಸಂಘಗಳಲ್ಲಿ ಪಿಗ್ಮಿ ಕಟ್ಟುತ್ತೇವೆ ಎನ್ನುತ್ತೇವೆ.

ಪಿಗ್ಮಿಯ ಗುಟ್ಟು ಎರಡಾಣೆಯಲ್ಲಿರಲಿಲ್ಲ, ದಿನವೂ ಬರುವುದರಲ್ಲಿತ್ತು. ಸುಲ್ತಾನ್ ಬಜಾರಿನಲ್ಲಿ ಹಣ ಕೂಡಿಸುತ್ತಿದ್ದ ಒಬ್ಬ ಏಜೆಂಟರ ಜೊತೆ ನಾನು ಒಂದು ದಿನ ಪೂರ್ತಿ ಸುತ್ತಿದ್ದೇನೆ. ಅವರು ಬೆಳಿಗ್ಗೆ ಹನ್ನೊಂದರ ಮುಂಚೆ ಯಾವ ಅಂಗಡಿಗೂ ಕಾಲಿಡುತ್ತಿರಲಿಲ್ಲ. ಬೋಣಿ ಆಗದ ಅಂಗಡಿಯಲ್ಲಿ ದುಡ್ಡು ಕೇಳಬಾರದು ಎಂಬುದು ಅವರ ಮೊದಲ ನಿಯಮ. ಗಲ್ಲಾದ ಮುಂದೆ ಗಿರಾಕಿ ನಿಂತಿದ್ದರೆ ದೂರದಲ್ಲೇ ನಿಲ್ಲುವರು, ಸಾಲಕೊಟ್ಟವನು ಬಂದನೇನೋ ಎಂದು ಗಿರಾಕಿಗೆ ಅನಿಸಬಾರದಲ್ಲ. ಎರಡು ದಿನ ಅಂಗಡಿ ಮುಚ್ಚಿದ್ದರೆ ಪಕ್ಕದವರನ್ನು ವಿಚಾರಿಸುವರು. ಮಗಳ ಮದುವೆ ಯಾವ ತಿಂಗಳು, ಯಾರಿಗೆ ಯಾವಾಗ ಸರಕಿಗೆ ದುಡ್ಡು ಬೇಕಾಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಯಾರು ನಂಬಿಕೆಯ ಆಸಾಮಿ ಎಂಬುದನ್ನು ಮ್ಯಾನೇಜರಿಗಿಂತ ಮೊದಲು ಅವರು ಬಲ್ಲರು, ಏಕೆಂದರೆ ದಿನವೂ ಹತ್ತು ರೂಪಾಯಿಯನ್ನು ತಪ್ಪದೆ ಕಟ್ಟಿದ ಕಾರ್ಡೇ ಒಂದು ಜಾಮೀನು. ಇವತ್ತು ದೊಡ್ಡ ಕಂಪನಿಗಳು ಕಂಪ್ಯೂಟರಿಗೆ ಕೋಟಿಗಟ್ಟಲೆ ಸುರಿದು ತಿಳಿಯಲು ಹೊರಟಿರುವುದು ಇದನ್ನೇ. ವ್ಯತ್ಯಾಸ ಒಂದೇ. ಆ ಏಜೆಂಟರು ತಮಗೆ ಗೊತ್ತಿದ್ದುದನ್ನು ಗಿರಾಕಿಯ ಮೇಲೆ ಪ್ರಯೋಗಿಸಲಿಲ್ಲ, ಗಿರಾಕಿಗಾಗಿ ಬಳಸಿದರು.

ಈಗ ನಮ್ಮದು. ನಾನು ಕೆಲಸ ಮಾಡುತ್ತಿದ್ದ ಶಾಖೆಯಲ್ಲಿ ಒಂದು ವರ್ಷ ಹೊಸ ಖಾತೆಗಳ ಅಭಿಯಾನ ಬಂತು. ಮೇಲಿನಿಂದ ಗುರಿ ಬಂತು, ಗುರಿ ಮುಟ್ಟಿದವರಿಗೆ ಬಹುಮಾನ ಬಂತು. ನಾವು ಟೇಬಲ್ಲು, ಬ್ಯಾನರು ಹೊತ್ತು ಕಾಲೇಜು, ಅಪಾರ್ಟ್‌ಮೆಂಟು ಎಂದು ತಿರುಗಿದೆವು. ಅದೇ ವಾರ ಲಾಡ್ ಬಜಾರಿನ ಬಳೆಯ ವ್ಯಾಪಾರಿಯೊಬ್ಬರು ತಮ್ಮದೇ ಠೇವಣಿಯ ಮೇಲೆ ಸಾಲ ಕೇಳಿ ಬಂದರು. ಹಬ್ಬದ ಸರಕು ತುಂಬಬೇಕಿತ್ತು. ಅರ್ಧ ಗಂಟೆಯ ಕೆಲಸ. ಸಹಿ ಹಾಕಬೇಕಾಗಿದ್ದ ನಾನು ಕ್ಯಾಂಪಿನಲ್ಲಿದ್ದೆ. ಮೂರು ದಿನ ಬಂದು ಹೋದರು. ನಾಲ್ಕನೆಯ ದಿನ ಠೇವಣಿಯನ್ನೇ ಮುರಿಸಿ, ಖಾತೆ ಮುಚ್ಚಿ, ನನ್ನ ಮೇಜಿನ ಮುಂದೆ ನಿಂತು ಸಲಾಂ ಮಾಡಿ ಹೋದರು. ಹದಿನೇಳು ವರ್ಷದ ಖಾತೆ. ಬೈದಿದ್ದರೆ ನಾನು ಇಷ್ಟು ನೆನಪಿಡುತ್ತಿರಲಿಲ್ಲವೇನೋ. ಆ ವರ್ಷ ನಮ್ಮ ಶಾಖೆಗೆ ಹೊಸ ಖಾತೆಗಳಿಗಾಗಿ ಫಲಕ ಸಿಕ್ಕಿತು. ಹೋದ ಖಾತೆಗಳನ್ನು ಬರೆಯಲು ಯಾವ ನಮೂನೆಯಲ್ಲೂ ಒಂದು ಕಾಲಂ ಇರಲಿಲ್ಲ. ಯಾವುದನ್ನು ಎಣಿಸುತ್ತೇವೋ ಅದರ ಹಿಂದೆ ಓಡುತ್ತೇವೆ. ಎಣಿಸುವುದನ್ನೇ ಬದಲಾಯಿಸದೆ ಮಾರಾಟದ ರೀತಿ ಸುಧಾರಿಸುವುದಿಲ್ಲ ಎಂದು ನಾನು ನಂಬಿರುವುದು ಆ ದಿನದಿಂದ.

ನುಮಾಯಿಷ್ ಎಂದು ಕರೆಯುವ ವಾರ್ಷಿಕ ಪ್ರದರ್ಶನವನ್ನು ನೆನಪಿಸಿಕೊಳ್ಳದೆ ಹೈದರಾಬಾದಿನ ವ್ಯಾಪಾರದ ಮಾತು ಮುಗಿಯದು. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪದವೀಧರರು ನಾಡಿನ ಉತ್ಪನ್ನಗಳನ್ನು ಜನಕ್ಕೆ ತೋರಿಸಬೇಕೆಂದು ಪಬ್ಲಿಕ್ ಗಾರ್ಡನ್‌ನಲ್ಲಿ ಹತ್ತು ದಿನದ ಪ್ರದರ್ಶನ ಇಟ್ಟರು. ಐವತ್ತರಷ್ಟು ಮಳಿಗೆಗಳು. ಮುಂದೆ ಅದು ನಾಂಪಳ್ಳಿಯ ಮೈದಾನಕ್ಕೆ ಬಂತು, 1949ರಿಂದ ಅಖಿಲ ಭಾರತ ಕೈಗಾರಿಕಾ ಪ್ರದರ್ಶನವಾಯಿತು. ಜನವರಿ 1ರಿಂದ ಫೆಬ್ರವರಿ 15ರವರೆಗೆ ನಲವತ್ತಾರು ದಿನ ನಡೆಯುವುದು ರೂಢಿ. ಬಂದ ಲಾಭ ಶಾಲೆ ಕಾಲೇಜುಗಳಿಗೆ ಹೋಗುತ್ತದೆ. ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ ಆ ಪ್ರದರ್ಶನದ ಸಂಸ್ಥೆಯೇ ನಡೆಸುವ ಕಾಲೇಜು.

ಅಲ್ಲಿ ಮಳಿಗೆ ಹಾಕುವವನಿಗೆ ಮೋಸ ಮಾಡಲು ಬೇಕಾದಷ್ಟು ಅನುಕೂಲ. ಫೆಬ್ರವರಿ ಮುಗಿದರೆ ಆತ ಊರಲ್ಲಿಲ್ಲ. ಯಾರು ಹುಡುಕಿಕೊಂಡು ಹೋಗುತ್ತಾರೆ? ಹಾಗೆ ಮಾಡಿ ಹೋದವರೂ ಇದ್ದಾರೆ, ಮುಂದಿನ ವರ್ಷ ಬೇರೆ ಬೋರ್ಡು ಹಾಕಿಕೊಂಡು ಬಂದಿದ್ದಾರೆ. ಆದರೆ ಕಾಶ್ಮೀರದಿಂದ ಶಾಲು ತರುವ ಒಬ್ಬ ವ್ಯಾಪಾರಿಯ ಮುಂದೆ ನಾನು ನಿಂತಿದ್ದಾಗ ಬರ್ಕತ್‌ಪುರದ ಒಬ್ಬ ಹೆಂಗಸು ಚೀಲದಿಂದ ಹಳೆಯ ಶಾಲು ತೆಗೆದು, ಅಂಚು ಬಿಟ್ಟಿದೆ ನೋಡಪ್ಪಾ ಎಂದರು. ಆತ ಹೊಸ ಶಾಲುಗಳನ್ನು ಬದಿಗೆ ಸರಿಸಿ ಅಂಚನ್ನು ಬೆಳಕಿಗೆ ಹಿಡಿದ, ಸೂಜಿ ಎತ್ತಿಕೊಂಡ. ಸರತಿಯಲ್ಲಿದ್ದ ನಾವೆಲ್ಲ ಕಾದೆವು, ಯಾರೂ ಗೊಣಗಲಿಲ್ಲ. ಆ ಹತ್ತು ನಿಮಿಷದಲ್ಲಿ ಅವನ ಶಾಲು ಎಂಥದೆಂದು ನಮಗೆಲ್ಲ ಗೊತ್ತಾಗಿಹೋಗಿತ್ತು. ಅಂದು ಅಲ್ಲಿ ಶಾಲು ಕೊಂಡವರಲ್ಲಿ ನಾನೂ ಒಬ್ಬ.

ಈಗಿನ ಪೇಟೆಗೆ ಬಂದರೆ ಚಿತ್ರ ತಿರುಗುಮುರುಗು. ಊಟ ತರಿಸುವ ಆಪ್ ಇರಲಿ, ಟಿವಿ ಚಾನೆಲ್ಲಿನ ಪ್ಯಾಕ್ ಇರಲಿ, ಇಂಟರ್ನೆಟ್ ಇರಲಿ, ಹೊಸಬನಿಗೆ ಅರ್ಧ ಬೆಲೆ, ಹಳಬನಿಗೆ ಪೂರ್ತಿ ಬೆಲೆ. ಹತ್ತು ವರ್ಷ ನಿಷ್ಠೆಯಿಂದ ಕಟ್ಟಿದವನಿಗೆ ಇದು ತಿಳಿದ ದಿನ ಎಂಥ ಅವಮಾನವಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಒಳಗೆ ಬರುವ ಬಾಗಿಲು ಅಗಲ, ಹೊರಹೋಗುವ ಬಾಗಿಲು ಸಿಗುವುದೇ ಇಲ್ಲ. ಚಂದಾ ನಿಲ್ಲಿಸುವ ಬಟನ್ನು ಹುಡುಕಲು ಮೊಮ್ಮಕ್ಕಳನ್ನು ಕರೆಯಬೇಕು. ಕೊನೆಯ ಪರದೆಯಲ್ಲಿ ಮಾತ್ರ ಕಾಣುವ ಹೆಚ್ಚುವರಿ ಶುಲ್ಕ, ಕೇಳದೆ ಬುಟ್ಟಿಗೆ ಸೇರಿಸಿದ ವಿಮೆ, ಬೇಡ ಎಂದವರನ್ನು ನಾಚಿಸುವ ವಾಕ್ಯ: ಇಂಥ ಹದಿಮೂರು ಬಗೆಯ ಕುತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಕರೆದು ನಿಷೇಧಿಸಿದೆ. ದೂರು ಕೊಡಲು 1915 ಎಂಬ ಸಹಾಯವಾಣಿ ಇದೆ, ಬಳಸಿಕೊಳ್ಳಿ. ಆದರೆ ನಾನು ಮಾರುವವರ ಕಡೆಗೆ ತಿರುಗಿ ಕೇಳುವುದು ಇಷ್ಟು. ಬಾಗಿಲಿಗೆ ಬೀಗ ಹಾಕಿ ಉಳಿಸಿಕೊಂಡವನನ್ನು ಗಿರಾಕಿ ಎಂದು ಕರೆಯಬಹುದೇ?

ನಮ್ಮ ಹಳೆಯ ಉದ್ರಿಯ ಬಗ್ಗೆಯೂ ಇದೇ ಮಾತು. ಉದ್ರಿ ಕೊಟ್ಟರೆ ಗಿರಾಕಿ ಕಟ್ಟಿಬೀಳುತ್ತಾನೆ ಎಂದು ತಿಳಿದ ಕಿರಾಣಿಯವರು ಬಹಳ ಜನ. ಬಾಕಿ ಇರುವವರೆಗೆ ಬರುತ್ತಾನೆ, ಬಾಕಿ ಬೆಳೆದ ದಿನ ಎದುರಿನ ಗಲ್ಲಿಯಿಂದ ಮುಖ ಮರೆಸಿಕೊಂಡು ಹೋಗುತ್ತಾನೆ. ಸಾಲವೂ ಹೋಯಿತು, ಗಿರಾಕಿಯೂ ಹೋದ. ಉದ್ರಿ ಕಷ್ಟಕಾಲದ ಆಸರೆಯಾಗಿ ಇರಲಿ. ಮಾರಾಟದ ಉಪಾಯವಾಗುವುದು ಬೇಡ.

ಇನ್ನೊಂದು ಸಣ್ಣ ವಿಷಯ ಈ ನಡುವೆ ನನ್ನನ್ನು ಕಾಡುತ್ತಿದೆ. ಅಂಗಡಿಗಳಲ್ಲಿ ಯುಪಿಐ ಬಂದ ಮೇಲೆ ಗಲ್ಲಾದ ಮೇಲಿನ ಪುಟ್ಟ ಡಬ್ಬಿ ಮೊತ್ತವನ್ನು ಕೂಗಿ ಹೇಳುತ್ತದೆ. ಅನುಕೂಲವೇನೋ ದೊಡ್ಡದು. ಆದರೆ ಚಿಲ್ಲರೆ ಎಣಿಸಿ ಕೈಗೆ ಕೊಡುವಾಗ ಅಂಗಡಿಯವರು ಒಮ್ಮೆ ತಲೆಯೆತ್ತಿ ಮುಖ ನೋಡುತ್ತಿದ್ದರು, ಊರಿಂದ ಅಮ್ಮ ಬಂದರಾ ಎನ್ನುತ್ತಿದ್ದರು. ಈಗ ಡಬ್ಬಿ ಕೂಗುತ್ತದೆ, ಅವರು ತಲೆಯೆತ್ತುವುದಿಲ್ಲ. ಡಬ್ಬಿ ಇರಲಿ, ದಯವಿಟ್ಟು ತಲೆಯೆತ್ತಿ. ಆ ನೋಟವೂ ಕೊಸರಿನ ಲೆಕ್ಕಕ್ಕೇ ಸೇರಿದ್ದು. ನಮ್ಮ ಉಡುಪಿ ಹೋಟೆಲುಗಳು ಇಷ್ಟು ದೂರದ ಊರುಗಳಲ್ಲಿ ಬೇರು ಬಿಟ್ಟದ್ದು ಎರಡನೆಯ ಸಲದ ಸಾಂಬಾರಿಗೆ ಬಿಲ್ಲು ಹಾಕದೆ. ಬಕೆಟ್ಟು ಹಿಡಿದ ಹುಡುಗ ನಾವು ಕೇಳುವ ಮೊದಲೇ ತಟ್ಟೆ ನೋಡಿ ಬರುತ್ತಿದ್ದ. ತಟ್ಟೆ ನೋಡುವ ಆ ಕಣ್ಣು ಬೇಕು.

ಕೊಸರಿನಿಂದ ನಷ್ಟವಾಗುವುದಿಲ್ಲವೇ ಎಂದು ಇಲ್ಲಿರುವ ಹುಡುಗರು ಕೇಳಬಹುದು. ಮನೆಯಲ್ಲೇ ಹೋಳಿಗೆ, ಚಟ್ನಿಪುಡಿ, ಜೋಳದ ರೊಟ್ಟಿ ಮಾಡಿ ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುವ ನಮ್ಮ ಹೆಣ್ಣುಮಕ್ಕಳೂ ಇಲ್ಲಿದ್ದಾರೆ. ಮಿತಿ ಇಲ್ಲದಿದ್ದರೆ ನಷ್ಟವೇ. ಅಜ್ಜಿ ಹಾಕುವುದು ಒಂದು ಟೊಮೆಟೊ, ಹತ್ತಲ್ಲ. ಅದನ್ನೂ ಬೆಲೆಯಲ್ಲಿ ಎಣಿಸಿಕೊಂಡೇ ಕೂತಿರುತ್ತಾಳೆ. ರೊಟ್ಟಿಯ ಕಟ್ಟಿನ ಜೊತೆ ಒಂದು ಚಮಚ ಶೇಂಗಾ ಹಿಂಡಿ ಇಡಿ. ರೊಟ್ಟಿ ಮುರಿದು ಹೋಯಿತು ಎಂದು ಯಾರಾದರೂ ಫೋನ್ ಮಾಡಿದರೆ, ಡೆಲಿವರಿಯವನ ತಪ್ಪು ಎನ್ನುವ ಮೊದಲು ಇನ್ನೊಂದು ಕಟ್ಟು ಕಳಿಸಿ. ಜಾಹೀರಾತಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಇಂಥದಕ್ಕೆ ಮೀಸಲಿಡಿ. ಎರಡನೆಯ ಸಲ ಆರ್ಡರ್ ಮಾಡಿದವರು ಎಷ್ಟು ಜನ ಎಂಬುದನ್ನು ತಿಂಗಳ ಕೊನೆಗೆ ಎಣಿಸಿ. ಫಾಲೋವರ್‌ಗಳನ್ನು ಆಮೇಲೆ ಎಣಿಸಿದರಾಯಿತು.

ಈ ದತ್ತಿಯ ಮನೆಯವರು ತಂದೆಯ ಹೆಸರು ಎತ್ತಬೇಡಿ ಎಂದರು, ಎತ್ತುವುದಿಲ್ಲ. ಆದರೆ ತಂದೆಯ ಒಂದು ನೋಟುಪುಸ್ತಕವನ್ನು ನನಗೆ ನೋಡಲು ಕೊಟ್ಟರು, ಅದರ ಬಗ್ಗೆ ಹೇಳಲು ಅನುಮತಿಯನ್ನೂ ಕೊಟ್ಟಿದ್ದಾರೆ. ಮುಂದಿನ ಹಾಳೆಗಳಲ್ಲಿ ಎಲ್ಲ ಕಿರಾಣಿಯವರಂತೆ ಉದ್ರಿ ಲೆಕ್ಕ. ಹಿಂದಿನಿಂದ ತಿರುಗಿಸಿದರೆ ಬೇರೊಂದು ಪಟ್ಟಿ. ಅದು ಅಂಗಡಿಗೆ ಬರುವುದನ್ನು ನಿಲ್ಲಿಸಿದವರ ಪಟ್ಟಿ. ಹೆಸರಿನ ಎದುರು ಪೆನ್ಸಿಲ್ಲಿನಲ್ಲಿ ಕಾರಣ. "ಮನೆ ಬದಲು, ನಲ್ಲಕುಂಟ." "ತೊಗರಿಬೇಳೆ ಬೇಯಲಿಲ್ಲ ಅಂದರು." "ಹುಡುಗ ಎದುರುತ್ತರ ಕೊಟ್ಟ." "ಗೊತ್ತಿಲ್ಲ, ಕೇಳಬೇಕು." ಕೆಲವು ಹೆಸರುಗಳ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ "ಬಂದರು" ಎಂದು ಬರೆದಿದೆ. ಬೇಳೆ ಬೇಯಲಿಲ್ಲ ಎಂದವರ ಮನೆಗೆ ಅವರು ಒಂದು ಕಿಲೋ ಬೇರೆ ಬೇಳೆ ಹೊತ್ತುಕೊಂಡು ತಾವೇ ಹೋಗಿದ್ದರಂತೆ. ಆ ಹೆಸರಿನ ಮೇಲೆ ಗೆರೆ ಇದೆ.

ಅಂಗಡಿಯಿರುವ, ಇಡಲಿರುವ ನಿಮ್ಮೆಲ್ಲರಲ್ಲಿ ನನ್ನದೊಂದು ವಿನಂತಿ. ಇವತ್ತು ಮನೆಗೆ ಹೋದ ಮೇಲೆ ಅಂಥ ಒಂದು ಪಟ್ಟಿ ಮಾಡಿ. ಹೋದ ವರ್ಷ ನಿಮ್ಮಲ್ಲಿ ಕೊಂಡು ಈ ವರ್ಷ ಬಾರದ ಹತ್ತು ಜನರ ಹೆಸರು ಸಾಕು. ನಾಳೆ ಬೋಣಿ ಆದ ಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿ. ಏನನ್ನೂ ಮಾರಬೇಡಿ. ಯಾಕೆ ಬರಲಿಲ್ಲ ಎಂದು ಕೇಳಿ, ಅವರು ಹೇಳಿದ್ದನ್ನು ಹೆಸರಿನ ಎದುರು ಬರೆದುಕೊಳ್ಳಿ.